‘ನಿದ್ದಿ ಹತ್ತವಲ್ದು’: ಒಂದು ದೂರು, ಮೂರು ಕಾಯಿಲೆ

ಕಲಬುರಗಿ ನಗರದಲ್ಲಾಗಲಿ, ಬೀದರ್ ಹಾದಿಯ ಕಮಲಾಪುರದಲ್ಲಾಗಲಿ, ನಿದ್ದೆ ಕೆಟ್ಟವರು ಹೇಳುವುದು ಒಂದೇ ಮಾತು: ‘ನಿದ್ದಿ ಹತ್ತವಲ್ದು.’ ವೈದ್ಯಶಾಸ್ತ್ರ ಬೇರೆ ಬೇರೆ ಎಣಿಸುವ ಕಾಯಿಲೆಗಳು ಈ ಮಾತಿನೊಳಗೆ ಒಂದಾಗಿಬಿಡುತ್ತವೆ. ನಿದ್ದೆಯ ತೊಂದರೆಯಿರುವ ವಯಸ್ಕರು ನೆರವು ಹುಡುಕಿ ಮೊದಲು ಯಾರ ಬಾಗಿಲಿಗೆ ಹೋಗುತ್ತಾರೆ ಎಂಬುದನ್ನು ನಿರ್ಧರಿಸುವುದು ಕಾಯಿಲೆಯೋ, ಅದನ್ನು ಹೇಳಿಕೊಂಡ ಮಾತೋ? ಮಾತೇ ಎಂಬುದು ಈ ಟಿಪ್ಪಣಿಯ ವಾದ.

1. ಕಾಯಿಲೆಯಲ್ಲದ ನಿದ್ದೆಗೇಡು

ಮೊದಲು ಈ ಸೀಮೆಯ ಬಿಸಿಲನ್ನು ಲೆಕ್ಕದಿಂದ ಕಳೆಯಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಆಗ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹಗಲೆಲ್ಲ ಕಾದ ಶಹಾಬಾದ ಕಲ್ಲಿನ ಮಾಳಿಗೆ ನಡುರಾತ್ರಿಯಾದರೂ ಆರುವುದಿಲ್ಲ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಮನೆಮಂದಿಯೆಲ್ಲ ಸಾಲಾಗಿ ಹಾಸಿಗೆ ಹಾಸಿಕೊಳ್ಳುವುದು ಇಲ್ಲಿನ ರೂಢಿ. ಇದಲ್ಲದೆ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ರಾತ್ರಿ ಪಾಳಿಯಿದೆ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ, ಬಾಳೆಗೆ ನೀರು ಬಿಡಲು ಹೊಲಕ್ಕೆ ಹೋಗುವ ಕಮಲಾಪುರದ ರೈತನ ನಿದ್ದೆಯೂ ಹೋಗುತ್ತದೆ. ಅಲ್ಲಿನ ಕೆಂಬಾಳೆಗೆ ಜಿಐ ಮಾನ್ಯತೆಯಿದೆ. ಅದಕ್ಕೆ ನೀರುಣಿಸುವವನ ರಾತ್ರಿಯನ್ನು ಯಾರೂ ಎಣಿಸಿಲ್ಲ.

ಇವರಿಗೆ ಸಿಗದಿರುವುದು ನಿದ್ದೆಯಲ್ಲ, ನಿದ್ದೆಯ ಅವಕಾಶ. ಮಲಗಲು ಸಾಕಷ್ಟು ಸಮಯ, ತಕ್ಕ ಜಾಗ ಎರಡೂ ಇದ್ದು, ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಬಾರದೆ, ಹೀಗೆಯೇ ಮೂರು ತಿಂಗಳು ಕಳೆದು, ಹಗಲಿನ ಕೆಲಸವೂ ಕೆಟ್ಟರೆ ಮಾತ್ರ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ.

2. ಒಂದು ಮಾತಿನೊಳಗಿನ ಮೂರು ಕಾಯಿಲೆ

ಮೊದಲನೆಯದು ಈ ನಿದ್ರಾಹೀನತೆ. ಇದಕ್ಕೆ ಮೊದಲ ಮದ್ದು ಗುಳಿಗೆಯಲ್ಲ. ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆಯನ್ನೇ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆ 2016ರಲ್ಲಿ ಶಿಫಾರಸು ಮಾಡಿತು. ಅದರ ಸೂತ್ರಗಳು ಸರಳ: ಕಣ್ಣು ಎಳೆದಾಗಲೇ ಹಾಸಿಗೆಗೆ ಹೋಗುವುದು, ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂರುವುದು, ರಾತ್ರಿ ಹೇಗೇ ಕಳೆದಿರಲಿ ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದು. ಪಾಲಿಸುವುದು ಮಾತ್ರ ಅಷ್ಟು ಸುಲಭವಲ್ಲ.

ಎರಡನೆಯದು ಕಾಲಿನದು. ‘ಕಾಲು ಹರಿತಾವ, ಒಂದು ಕಡಿ ಇಡಾಕ ಆಗಲ್ಲ’ ಎಂಬ ಮಾತನ್ನು ಹೊಲದ ದಣಿವಿನ ಲೆಕ್ಕಕ್ಕೆ ಹಾಕಿ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಸಂಜೆಯಾದ ಮೇಲೆ ಹೆಚ್ಚಾಗಿ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಗ್ಗುವ ಈ ಚಡಪಡಿಕೆ ಅಶಾಂತ ಕಾಲುಗಳ ಕಾಯಿಲೆ ಇರಬಹುದು. ಕಬ್ಬಿಣದ ಕೊರತೆ ಇದರ ದೊಡ್ಡ ಕಾರಣಗಳಲ್ಲೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಹಾಗಿದ್ದಮೇಲೆ ‘ಕಾಲು ಹರಿತಾವ’ ಎನ್ನುವ ಹೆಂಗಸಿಗೆ ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸದೆ ಬಿಡುವುದು ತಪ್ಪು.

ಮೂರನೆಯದರ ಗುರುತನ್ನು ರೋಗಿ ಹೇಳಿಕೊಳ್ಳುವುದೇ ಇಲ್ಲ. ಅದು ಗೊರಕೆಯ ಹಿಂದೆ ಅಡಗಿರುವ ಉಸಿರುಗಟ್ಟು. ಗಂಟಲ ದಾರಿ ಮುಚ್ಚಿ, ಹತ್ತು ಸೆಕೆಂಡಾದರೂ ಉಸಿರು ನಿಂತು, ಮತ್ತೆ ಗುಟುರು ಹಾಕಿ ಶುರುವಾಗುತ್ತದೆ. ಹೀಗೆ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ 30 ಸಲವಾದರೆ ಕಾಯಿಲೆ ತೀವ್ರ. ಇದು ರಕ್ತದೊತ್ತಡ ಏರಿಸುತ್ತದೆ, ಹಗಲು ತೂಕಡಿಕೆ ತರುತ್ತದೆ. ಬೆಂಗಳೂರಿಗೆ ರಾತ್ರಿ ಗಾಡಿ ಓಡಿಸುವವರಿಗೆ ಆ ತೂಕಡಿಕೆಯೇ ಪ್ರಾಣಕ್ಕೆ ಬರಬಹುದು. ನಮ್ಮಲ್ಲಾದರೋ ಗೊರಕೆಯೆಂದರೆ ಗಾಢ ನಿದ್ದೆಯ ಗುರುತು, ಇಲ್ಲವೇ ನಗೆಯ ವಸ್ತು. ಇದಕ್ಕೆ ಸಿಪ್ಯಾಪ್ ಎಂಬ ಗಾಳಿಯಂತ್ರದ ಚಿಕಿತ್ಸೆಯನ್ನು ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲೇ ಪ್ರಕಟಿಸಿದರು.

3. ಗುಳಿಗೆಯ ಹಾದಿ

ಮೂರೂ ಕಾಯಿಲೆಗಳನ್ನು ಒಂದೇ ಮಾತಿನಲ್ಲಿ ಹೇಳಿದರೆ ಮೂರೂ ಹೋಗಿ ನಿಲ್ಲುವುದು ಔಷಧ ಅಂಗಡಿಯ ಮುಂದೆ. ಆಲ್‌ಪ್ರಜೋಲಾಮ್‌ನಂಥ ನಿದ್ದೆಗುಳಿಗೆಗಳು 2014ರ ಮಾರ್ಚ್‌ನಿಂದ ಔಷಧ ನಿಯಮಗಳ ಎಚ್-1 ಪಟ್ಟಿಯಲ್ಲಿವೆ. ಅವುಗಳ ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಅಚ್ಚಾಗಿರಬೇಕು. ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣಗಳಿವೆ. ಗುಳಿಗೆ ಚಟವಾಗುತ್ತದೆ, ಥಟ್ಟನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಉಸಿರುಗಟ್ಟು ಇರುವವರ ಗಂಟಲ ಸ್ನಾಯುವನ್ನು ಇನ್ನಷ್ಟು ಸಡಿಲಿಸಿ ಕಾಯಿಲೆಯನ್ನು ಬೆಳೆಸಲೂಬಹುದು. ‘ನಿದ್ದಿ ಹತ್ತವಲ್ದು’ ಎಂದವನಿಗೆ ನಿದ್ದೆ ಹತ್ತಿಸಿ, ಉಸಿರಿಗೆ ತೊಡಕು ತಂದಂತಾಗುತ್ತದೆ.

ಈ ಸೀಮೆಗೆ ಇನ್ನೊಂದು ಎಚ್ಚರಿಕೆಯೂ ಹತ್ತಿರದಲ್ಲಿದೆ. ರಾಯಚೂರು, ತೆಲಂಗಾಣ ಗಡಿಯ ಕಲಬೆರಕೆ ಸೇಂದಿಯಲ್ಲಿ ಸಿಗುವ ‘ಸಿ.ಎಚ್. ಪೌಡರ್’ ಎಂದರೆ ಕ್ಲೋರಲ್ ಹೈಡ್ರೇಟ್. ಬರ್ಲಿನ್ನಿನ ಲೀಬ್ರೈಷ್ 1869ರಲ್ಲಿ ನಿದ್ದೆಯ ಮದ್ದೆಂದು ಬಳಕೆಗೆ ತಂದದ್ದು ಇದನ್ನೇ.

4. ಸರಿಯಾದ ಬಾಗಿಲುಗಳು

ದೂರನ್ನು ಬಿಡಿಸಿ ಹೇಳಿದರೆ ದಾರಿಯೂ ಬಿಡಿಸಿಕೊಳ್ಳುತ್ತದೆ. ಕಾಲಿನ ದೂರಿಗೆ ಊರಿನ ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವೈದ್ಯರಿಂದಲೇ ಶುರುಮಾಡಬಹುದು. ಗೊರಕೆಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗ. ಇಎಸ್‌ಐ ಕಾರ್ಡುಳ್ಳ ಕಾರ್ಮಿಕರಿಗೆ ನಗರದಲ್ಲೇ ಇಎಸ್‌ಐಸಿ ಮೆಡಿಕಲ್ ಕಾಲೇಜು ಆಸ್ಪತ್ರೆ. ನಿದ್ರಾಹೀನತೆಗೆ ಮನೋವೈದ್ಯರು. ಮನೋವೈದ್ಯರೆಂದರೆ ಹುಚ್ಚಿಗೆ ಮಾತ್ರ ಎಂಬ ಅಳುಕು ಅಡ್ಡ ಬಂದರೆ, 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ-ಮಾನಸ್‌ನ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಸಾಕು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮನೋವೈದ್ಯವನ್ನು ಜಿಲ್ಲೆಯ ಹಳ್ಳಿಗಳಿಗೆ ಒಯ್ಯುವ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ನಿಲ್ಲಿಸಿ ತೋರಿಸಿದ್ದು ನಮ್ಮದೇ ಬಳ್ಳಾರಿಯಲ್ಲಿ.

5. ತೀರ್ಮಾನ

ನಿದ್ದೆಯ ಕಾಯಿಲೆಗೆ ರೋಗಿ ಅರೆಸಾಕ್ಷಿ; ತಾನು ಮಲಗಿದ ಮೇಲೆ ನಡೆದದ್ದು ಅವನಿಗೆ ತಿಳಿಯದು. ಬೇಸಿಗೆಯ ಮಾಳಿಗೆಯ ಮೇಲೆ ಪಕ್ಕದ ಹಾಸಿಗೆಯಲ್ಲಿ ಎಚ್ಚರವಿದ್ದು, ಗೊರಕೆ ನಿಂತ ಗಳಿಗೆ ಎಣಿಸಿದವರು ಮನೆಯ ಹೆಂಗಸರೇ ಇರಬಹುದು. ಆ ಗಳಿಗೆಯ ಒಂದು ನಿಮಿಷದ ವಿಡಿಯೊ ಮೊಬೈಲಿನಲ್ಲಿದ್ದರೆ ವೈದ್ಯರಿಗೆ ಅರ್ಧ ಕತೆ ತಿಳಿದಂತೆ. ಆದ್ದರಿಂದ ನಿದ್ದೆಯ ತೊಂದರೆಗೆ ಆಸ್ಪತ್ರೆಗೆ ಹೋಗುವವರು ಒಬ್ಬರೇ ಹೋಗಬಾರದು. ವೈದ್ಯರೂ ‘ನಿದ್ದಿ ಹತ್ತತದೇನ್ರಿ?’ ಎಂದು ರೋಗಿಯನ್ನು ಕೇಳಿ ನಿಲ್ಲದೆ, ‘ಇವ್ರು ಮಲಗಿದ ಮ್ಯಾಲ ಏನಾಗ್ತದವ್ವಾ?’ ಎಂದು ಜೊತೆಗೆ ಬಂದವರನ್ನೂ ಕೇಳಬೇಕು.