ಉಪಗ್ರಹ ಸಮಯಕ್ಕೆ ಹೊಂದಿಸಿದ ಕ್ವಾರ್ಟ್ಜ್ ಆಂದೋಲಕ: ವಿಶ್ವಾಸದ ಅವಧಿಯ ಪ್ರಶ್ನೆ

ಹರಳನ್ನು ಸ್ಥಿರ ಉಷ್ಣತೆಯ ಪುಟ್ಟ ಒವನ್ನಿನೊಳಗಿಟ್ಟು ಮಿಡಿಸುವ ಕ್ವಾರ್ಟ್ಜ್ ಆಂದೋಲಕವು ಕ್ಷಣದಿಂದ ಕ್ಷಣಕ್ಕೆ ಬಹಳ ಸ್ಥಿರವಾಗಿದ್ದರೂ, ಹರಳಿಗೆ ವಯಸ್ಸಾದಂತೆ ಅದರ ಆವೃತ್ತಿ ದಿನಗಳ ಅವಧಿಯಲ್ಲಿ ನಿಧಾನವಾಗಿ ಸರಿಯುತ್ತದೆ. ಜಿಪಿಎಸ್ ಸಂಕೇತದ ಸ್ವಭಾವ ಇದಕ್ಕೆ ತದ್ವಿರುದ್ಧ: ಉಪಗ್ರಹಗಳ ಪರಮಾಣು ಗಡಿಯಾರಗಳನ್ನು ಭೂಕೇಂದ್ರಗಳು ಸದಾ ಸರಿಪಡಿಸುತ್ತಿರುವುದರಿಂದ ದೀರ್ಘಾವಧಿಯಲ್ಲಿ ಅದು ನಂಬಲರ್ಹ, ಆದರೆ ಗ್ರಾಹಕವು ಸೆಕೆಂಡಿಗೊಮ್ಮೆ ಹೊರಡಿಸುವ ಪಲ್ಸ್ ಹತ್ತಾರು ನ್ಯಾನೊಸೆಕೆಂಡುಗಳಷ್ಟು ಹಿಂದುಮುಂದಾಗುತ್ತದೆ. ಆಂದೋಲಕವನ್ನು ಉಪಗ್ರಹಕ್ಕೆ ಅಧೀನಗೊಳಿಸುವುದೇ ಇವೆರಡನ್ನೂ ಜೋಡಿಸುವ ತಂತ್ರವೆಂಬ ವಿವರಣೆ ರೂಢಿಯಲ್ಲಿದೆಯಾದರೂ ಅದು ಅರ್ಧಸತ್ಯ. ಉಪಗ್ರಹವನ್ನು ಎಷ್ಟು ಹೊತ್ತು ನಂಬಬಾರದು ಎಂಬುದನ್ನು ನಿರ್ಧರಿಸುವುದೇ ಇಲ್ಲಿನ ನಿಜವಾದ ಕೆಲಸ.

ಪಲ್ಸಿನ ಏರಿಳಿತ 10 ನ್ಯಾನೊಸೆಕೆಂಡ್ ಎಂದಿಟ್ಟುಕೊಂಡು ಪ್ರತಿ ಸೆಕೆಂಡಿಗೂ ತಿದ್ದುತ್ತ ಹೋದರೆ, ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ದೋಷ, ಅಂದರೆ 10 ಮೆಗಾಹರ್ಟ್ಸ್‌ನಲ್ಲಿ 0.1 ಹರ್ಟ್ಸ್, ಆಂದೋಲಕದೊಳಕ್ಕೆ ಸೇರುತ್ತದೆ. ಉತ್ತಮ ಹರಳು ಒಂದು ಸೆಕೆಂಡಿನ ಅವಧಿಯಲ್ಲಿ ತಪ್ಪುವುದು ಲಕ್ಷ ಕೋಟಿಯಲ್ಲಿ ಒಂದೆರಡು ಪಾಲು ಮಾತ್ರ. ಹೋಲಿಕೆಯ ಅವಧಿಯನ್ನು 10,000 ಸೆಕೆಂಡಿಗೆ ಹಿಗ್ಗಿಸಿದಾಗಲಷ್ಟೇ ಉಪಗ್ರಹದ ದೋಷವೂ ಆ ಮಟ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಆಂದೋಲಕವನ್ನು ಪಲ್ಸಿಗೆ ಹೋಲಿಸಿ ತಿದ್ದುವ ನಿಯಂತ್ರಣ ಸುರುಳಿಯ ಕಾಲಾವಧಿಯನ್ನು ನೂರಾರು ಇಲ್ಲವೆ ಸಾವಿರಾರು ಸೆಕೆಂಡುಗಳಿಗೆ ನಿಗದಿಪಡಿಸಬೇಕಾಗುತ್ತದೆ; ಎಲ್ಲ ಹರಳುಗಳಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ.

ಸರಾಸರಿ ತೆಗೆದರೆ ಏರಿಳಿತವೆಲ್ಲ ಅಳಿಸಿಹೋಗುತ್ತದೆ ಎಂಬ ಭರವಸೆಯೂ ಪೂರ್ತಿ ಸರಿಯಲ್ಲ. ಗ್ರಾಹಕವು ಪಲ್ಸನ್ನು ತನ್ನ ಆಂತರಿಕ ಗಡಿಯಾರದ ಅಂಚಿನಲ್ಲಷ್ಟೇ ಹೊರಡಿಸಬಲ್ಲದು. ಆ ಗಡಿಯಾರ 48 ಮೆಗಾಹರ್ಟ್ಸ್‌ನದಾದರೆ ಅಂಚುಗಳ ನಡುವಿನ ಅಂತರ ಸುಮಾರು 21 ನ್ಯಾನೊಸೆಕೆಂಡ್ ಇರುವುದರಿಂದ ಪಲ್ಸಿನ ದೋಷವು ಗರಗಸದ ಹಲ್ಲಿನಂತೆ ಏರಿ ಇಳಿಯುತ್ತದೆ. ಆಂತರಿಕ ಆವೃತ್ತಿಯು ಪೂರ್ಣಾಂಕಕ್ಕೆ ತೀರಾ ಸಮೀಪಿಸಿದಾಗ ದೋಷ ಬಹುಹೊತ್ತು ಒಂದೇ ಕಡೆಗೆ ವಾಲಿ ನಿಲ್ಲುವುದುಂಟು, ಆಗ ಸರಾಸರಿಯೇ ವಾಲುತ್ತದೆ. ಸಮಯಮಾಪನಕ್ಕೆಂದೇ ತಯಾರಾದ ಗ್ರಾಹಕಗಳು ಈ ದೋಷದ ಪ್ರಮಾಣವನ್ನು ಪ್ರತಿ ಪಲ್ಸಿಗೂ ತಿಳಿಸುತ್ತವೆ. ಅದನ್ನು ಕಳೆಯದೆ ಬಿಡುವ ವಿನ್ಯಾಸಕ್ಕೆ ದುಬಾರಿ ಹರಳು ವ್ಯರ್ಥ.

ಸಂಕೇತ ಕಡಿದುಹೋದಾಗ ಆಂದೋಲಕ ಕೊನೆಯ ತಿದ್ದುಪಡಿಯ ಆಧಾರದಲ್ಲಿ ಸ್ವತಂತ್ರವಾಗಿ ನಡೆಯುತ್ತದೆ. ದಿನಕ್ಕೆ ಸಾವಿರ ಕೋಟಿಯಲ್ಲಿ ಒಂದು ಪಾಲು ಸರಿಯುವ ಹರಳು, ಉಷ್ಣತೆಯ ಪ್ರಭಾವವನ್ನು ಬದಿಗಿಟ್ಟರೂ, ಒಂದು ದಿನದಲ್ಲಿ ಸುಮಾರು 4.3 ಮೈಕ್ರೊಸೆಕೆಂಡ್ ತಪ್ಪುತ್ತದೆ, ಮಿತಿ 1.5 ಮೈಕ್ರೊಸೆಕೆಂಡ್ ಎಂದಿಟ್ಟುಕೊಂಡರೆ ಅದನ್ನು ಸುಮಾರು ಹದಿನಾಲ್ಕು ಗಂಟೆಗಳಲ್ಲೇ ಮೀರುತ್ತದೆ.

ಸಂಕೇತವು ಕಡಿಯದೆ ತಪ್ಪಾಗಿ ಬರುವುದು ಇದಕ್ಕಿಂತ ಗಂಭೀರ. 2016ರ ಜನವರಿ 26ರಂದು ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ, ಜಿಪಿಎಸ್ ಕಾಲಕ್ಕೂ ವಿಶ್ವ ಸಮನ್ವಿತ ಕಾಲಕ್ಕೂ ಇರುವ ಅಂತರದ ಮಾಹಿತಿ ತಪ್ಪಾಗಿ ಹಲವು ಉಪಗ್ರಹಗಳಿಗೆ ಸೇರಿ, ಸುಮಾರು 13 ಮೈಕ್ರೊಸೆಕೆಂಡಿನ ದೋಷ ಪ್ರಸಾರವಾಯಿತು. ದಿನಕ್ಕೆ ಸಾವಿರ ಕೋಟಿಯಲ್ಲಿ ಒಂದು ಪಾಲಷ್ಟೇ ಸರಿಯುವ ಹರಳು ಅಷ್ಟು ದೂರ ಒಮ್ಮೆಲೇ ಜಿಗಿಯುವುದು ಅಸಾಧ್ಯವಾದ್ದರಿಂದ, ಅಂಥ ಜಿಗಿತ ಕಂಡಾಗ ಸುರುಳಿಯು ತನ್ನ ಹರಳನ್ನಲ್ಲ, ಸಂಕೇತವನ್ನೇ ಅನುಮಾನಿಸಬೇಕು. ಅಂದು ಜಿಪಿಎಸ್‌ನ ಸ್ವಂತ ಕಾಲ ಕೆಟ್ಟಿರಲಿಲ್ಲ, ಸ್ಥಾನನಿರ್ಣಯವೂ ಕೆಡಲಿಲ್ಲ. ಹಾಗಾಗಿ ಕೇವಲ ಆವೃತ್ತಿ ಬೇಕಾದ ಕಡೆ ಪಲ್ಸನ್ನು ಜಿಪಿಎಸ್ ಕಾಲಕ್ಕೇ ಹೊಂದಿಸುವುದು ಲೇಸು.