ಮಾರಾಟಕ್ಕಿರುವ ಮನೆಯೂ ಸಹಕಾರದ ಕತೆಯೂ

ಡೊಂಬಿವಲಿಯ ತಿಲಕನಗರದ ಕಡೆ ಬೆಳಗಿನ ಹೊತ್ತು ಅಡ್ಡಾಡುವ ನಮಗೆ ಈಚೆಗೆ ಒಂದು ಹಳೆಯ ಕಟ್ಟಡದ ಗೇಟಿನಲ್ಲಿ ತೂಗಹಾಕಿದ್ದ ಹಲಗೆ ಕಣ್ಣಿಗೆ ಬಿತ್ತು. ಎರಡು ಮಲಗುವ ಕೋಣೆ, ಹಾಲು, ಅಡುಗೆಮನೆ, ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಸೊಸೈಟಿಯ ಫ್ಲ್ಯಾಟು ಮಾರುವುದಿದೆ. ಇಂಥ ಹಲಗೆ ಈ ಊರಿನಲ್ಲಿ ಅಪರೂಪವೇನಲ್ಲ. ಆದರೆ ಆ ಮನೆಯ ಬಾಗಿಲ ಮೇಲೆ ಕನ್ನಡ ಅಕ್ಷರದ ಹೆಸರುಪಟ್ಟಿ ಇದ್ದುದನ್ನು ನಾವು ಬಲ್ಲೆವು. ಯಜಮಾನರು ತೀರಿಕೊಂಡಿದ್ದಾರೆ. ಮನೆಯಾಕೆಗೆ ಮೂರು ಮಹಡಿಯ ಮೆಟ್ಟಿಲು ಹತ್ತಲಾಗದು. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮನೆ ಮಾರದೆ ಅವರಿಗೆ ಬೇರೆ ದಾರಿಯಿಲ್ಲ. ಹಾಗಿದ್ದರೂ ಆ ಹಲಗೆಯನ್ನು ಕಂಡು ನಮ್ಮ ಮನಸ್ಸು ಸ್ವಲ್ಪ ಹೊತ್ತು ಮಂಕಾಯಿತೆಂಬುದನ್ನು ಮುಚ್ಚಿಡಲಾರೆವು.

ಇಂಥ ಮನೆ ಮಾರುವಾಗ ಕೈ ಬದಲಾಯಿಸುವ ಕಾಗದಗಳಲ್ಲಿ ಷೇರುಪತ್ರವೆಂಬುದು ಒಂದು. ಐವತ್ತು ರೂಪಾಯಿಯ ಐದೋ ಹತ್ತೋ ಷೇರುಗಳು. ಮನೆಗೆ ಲಕ್ಷಗಟ್ಟಲೆ ಬೆಲೆ. ಈ ಕಾಗದದ ಮುಖಬೆಲೆ ಐನೂರು ರೂಪಾಯಿಯ ಒಳಗೆ. ಆದರೂ ಮನೆಯಾತನು ಸೊಸೈಟಿಯ ಸದಸ್ಯನೆಂದು ಹೇಳುವುದು ಅದೇ. ಈ ಚಿಕ್ಕ ಕಾಗದದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯುಂಟು. ಅದರ ಮೊದಲ ಪುಟಗಳನ್ನು ಬರೆದವರಲ್ಲಿ ನಮ್ಮ ನಾಡಿನವರೂ ಇದ್ದರೆಂಬುದು ನಮ್ಮಲ್ಲೇ ಅನೇಕರಿಗೆ ತಿಳಿಯದು. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅದನ್ನು ನೆನೆಯುವುದು ಉಚಿತವೆಂದು ತೋರಿತು.

ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ದೇಶದಲ್ಲಿ ಈ ಬಗೆಯ ಮೊದಲ ಸಂಘವೆಂದು ಅದಕ್ಕೆ ಹೆಸರು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅತ್ತ ಮೈಸೂರು ಸಂಸ್ಥಾನವು ಅದೇ ವರ್ಷ ತನ್ನದೇ ಆದ ಸಹಕಾರಿ ಕಾನೂನನ್ನು ಮಾಡಿಕೊಂಡಿತು. 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿಕೊಳ್ಳುವವರ ಸಹಕಾರಿ ಸಂಘ ಹುಟ್ಟಿತು.

ಬ್ರಿಟಿಷ್ ಭಾರತದಲ್ಲಿ ಸಾಲ ಕೊಡುವ ಸಂಘಗಳಿಗೆ ಮಾತ್ರ ಇದ್ದ ಕಾನೂನು 1912ರಲ್ಲಿ ವಿಸ್ತಾರಗೊಂಡು ಬೇರೆ ಉದ್ದೇಶದ ಸಂಘಗಳಿಗೂ ಬಾಗಿಲು ತೆರೆಯಿತು. ಈ ಬಾಗಿಲನ್ನು ಮುಂಬಯಿಯಲ್ಲಿ ಮೊದಲು ಹೊಕ್ಕವರಲ್ಲಿ ಪ್ರಮುಖರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು. ಇವರು ಚಿತ್ರಾಪುರ ಸಾರಸ್ವತ ಸಮಾಜದವರು. ಶಿರಾಲಿ, ಹೊನ್ನಾವರ, ಕುಮಟೆ, ಕಾರವಾರ, ಮಂಗಳೂರುಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಆ ಸಮಾಜದ ಮನೆಮಾತು ಕೊಂಕಣಿ. ಊರಿನ ಶಾಲೆಯಲ್ಲಿ ಕಲಿತ ಓದುಬರಹ ಕನ್ನಡ. ಉತ್ತರ ಕನ್ನಡ ಜಿಲ್ಲೆ 1862ರಿಂದಲೇ ಮುಂಬಯಿ ಪ್ರಾಂತದೊಳಗಿದ್ದುದರಿಂದ ಅಲ್ಲಿಯವರಿಗೆ ಮುಂಬಯಿ ಪರರಾಜ್ಯವಾಗಿರಲಿಲ್ಲ, ತಮ್ಮ ಪ್ರಾಂತದ ರಾಜಧಾನಿಯೇ ಆಗಿತ್ತು. ಆದರೆ ರಾಜಧಾನಿಯೆಂದ ಮಾತ್ರಕ್ಕೆ ತಲೆಯ ಮೇಲೊಂದು ಸೂರು ಸಿಗುವುದೇ? 1896ರ ಪ್ಲೇಗು ಮುಂಬಯಿಯ ಇಕ್ಕಟ್ಟಾದ ವಸತಿಗಳ ಗತಿಯನ್ನು ಎಲ್ಲರಿಗೂ ಕಾಣಿಸಿಕೊಟ್ಟಿತ್ತು. ಗುಮಾಸ್ತರ ಸಂಬಳದಲ್ಲಿ ಗಾಳಿ ಬೆಳಕಿರುವ ಮನೆ ದೊರೆಯುತ್ತಿರಲಿಲ್ಲ.

ತಲ್ಮಕಿಯವರು ಮೊದಲು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘವೊಂದನ್ನು ಸ್ಥಾಪಿಸಿದರು. ಮುಂದೆ ಶಾಮರಾವ್ ವಿಠಲ ಸಹಕಾರಿ ಬ್ಯಾಂಕೆಂದು ಹೆಸರಾದದ್ದು ಅದೇ. ಅನಂತರ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಇದರ ಪದ್ಧತಿ ಸರಳವಾದರೂ ಆ ಕಾಲಕ್ಕೆ ಹೊಸದು. ಕಟ್ಟಡಕ್ಕೆ ಸಂಘವೇ ಒಡೆಯ. ಅಲ್ಲಿ ವಾಸಿಸುವವರೇ ಸಂಘ. ಒಬ್ಬೊಬ್ಬನೂ ತನ್ನ ಮನೆಯ ಮಟ್ಟಿಗೆ ಬಾಡಿಗೆದಾರ. ಎಲ್ಲರೂ ಕೂಡಿದಾಗ ಮಾಲಿಕರು. ಬಾಡಿಗೆ ಏರಿಸುವ ದಣಿಯೂ ಇಲ್ಲ, ಹೊರಹಾಕುವ ದಣಿಯೂ ಇಲ್ಲ. ಈ ಪದ್ಧತಿಯ ಸೊಸೈಟಿಗಳಲ್ಲಿ ಇದು ದೇಶದಲ್ಲೇ ಅತ್ಯಂತ ಹಳೆಯದೆಂದು ಗಣನೆ ಪಡೆದಿದೆ. ತಾಡದೇವದ ತಲ್ಮಕಿವಾಡಿ ಇಂದಿಗೂ ಆ ಮಹನೀಯರ ಹೆಸರನ್ನು ಹೊತ್ತು ನಿಂತಿದೆ.

ಇನ್ನು ನಮ್ಮ ಡೊಂಬಿವಲಿಯ ಮಾತು. 1853ರಲ್ಲಿ ಠಾಣೆಯವರೆಗೆ ಬಂದ ರೈಲು 1854ರ ಮೇ ತಿಂಗಳಲ್ಲಿ ಕಲ್ಯಾಣವನ್ನು ಮುಟ್ಟಿತು. ಹಳಿ ಹಾದುಹೋದರೂ ಡೊಂಬಿವಲಿ ಬಹುಕಾಲ ಬತ್ತದ ಗದ್ದೆಗಳ ನಡುವಿನ ಊರಾಗಿಯೇ ಉಳಿಯಿತು. ಅದನ್ನು ಪಟ್ಟಣವಾಗಿಸಿದ ಕಾರಣಗಳಲ್ಲಿ ಮುಂಬಯಿಯ ಬಾಡಿಗೆಯ ಸಮಸ್ಯೆ ದೊಡ್ಡದು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಇದ್ದ ಬಾಡಿಗೆದಾರರನ್ನು ಕಾಪಾಡಿತು. ಆದರೆ ಬಾಡಿಗೆಗಾಗಿ ಹೊಸ ಮನೆ ಕಟ್ಟುವವರ ಉತ್ಸಾಹವನ್ನು ಕುಗ್ಗಿಸಿತು. ಹೊಸದಾಗಿ ಬಂದವನು ಪಗಡಿ ತೆರಬೇಕು, ಇಲ್ಲವೇ ಮನೆಯನ್ನು ಕೊಂಡುಕೊಳ್ಳಬೇಕು. ಕೊಳ್ಳುವ ಶಕ್ತಿ ಮುಂಬಯಿಯಲ್ಲಿ ಇಲ್ಲದವನು ರೈಲುದಾರಿಯಲ್ಲಿ ಮುಂದಕ್ಕೆ ಸಾಗಿದನು.

ಕಾನೂನೂ ಈ ಜನರ ಹಿಂದೆಯೇ ಬಂದಿತು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆ, ಅದರ ಬೆನ್ನಿಗೆ 1963ರ ಓನರ್‌ಶಿಪ್ ಫ್ಲ್ಯಾಟುಗಳ ಕಾಯಿದೆ. ಕಟ್ಟುವವನು ಕೊಳ್ಳುವವರೊಡನೆ ಲಿಖಿತ ಕರಾರು ಮಾಡಬೇಕು, ಅವರ ಸೊಸೈಟಿಯನ್ನು ನೋಂದಾಯಿಸಬೇಕು, ನೆಲವನ್ನೂ ಕಟ್ಟಡವನ್ನೂ ಆ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು ಎಂದು ಇದು ವಿಧಿಸಿತು. 1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಡೊಂಬಿವಲಿಯಲ್ಲಿ ಕೈಗಾರಿಕಾ ವಸಾಹತನ್ನು ತೆರೆಯಿತು. 1983ರಲ್ಲಿ ಕಲ್ಯಾಣ ಡೊಂಬಿವಲಿ ಮಹಾನಗರಪಾಲಿಕೆ ಬಂದಿತು.

ನಮ್ಮವರು ಇಲ್ಲಿಗೆ ಬಂದ ಬಗೆ ಇದೇ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕು ಸೇರಿದವರು, ಗಿರಣಿಯವರು, ರೈಲ್ವೆಯವರು, ಶಾಲಾಮಾಸ್ತರರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂಬ ಕರಾವಳಿಯ ಬ್ಯಾಂಕುಗಳ ನೌಕರಿ ಎಷ್ಟು ಮನೆಗಳಿಗೆ ಬುನಾದಿಯಾಯಿತೆಂದು ಹೇಳಬೇಕಾಗಿಲ್ಲ. ಇವುಗಳಲ್ಲಿ ಮೂರು 2019 ಮತ್ತು 2020ರ ವಿಲೀನದಲ್ಲಿ ಹೆಸರು ಕಳೆದುಕೊಂಡವು. ಅವು ಕೊಟ್ಟ ಸಂಬಳದಿಂದ ಎದ್ದ ಗೋಡೆಗಳು ಇನ್ನೂ ನಿಂತಿವೆ. ಪ್ರಾವಿಡೆಂಟ್ ಫಂಡಿನ ಸಾಲ, ಊರಿನಿಂದ ಬಂದ ಅಡಕೆಯ ಹಣ, ತಾಯಂದಿರ ಕೈಬಳೆ, ಎಲ್ಲವೂ ಕೂಡಿ ಒಂದು ಮನೆಯಾಯಿತು. ಮಕ್ಕಳಿಗೆ ಕನ್ನಡ ಸಂಘವಿತ್ತು, ಮಂಜುನಾಥ ವಿದ್ಯಾಲಯವಿತ್ತು. ಊರಿನಿಂದ ಬಂದ ಭಾವಮೈದುನನಿಗೆ ಕೆಲಸ ಸಿಗುವವರೆಗೆ ಹಾಲಿನಲ್ಲಿ ಹಾಸಿಗೆಯಿತ್ತು. ಎರಡನೆಯ ಮಲಗುವ ಕೋಣೆ ನಮಗೆ ಬೇಕಾದದ್ದು ವೈಭವಕ್ಕಲ್ಲ. ಬಂದವರಿಗೆ ಇಲ್ಲವೆನ್ನಲಾರದ ಸಂಕೋಚಕ್ಕೆ.

ಆದರೆ ಬರಿಯ ಅಭಿಮಾನದಿಂದ ಚರಿತ್ರೆ ಪೂರ್ಣವಾಗದು. ಮನೆ ಕೊಂಡ ಮೇಲೆ ನಾವು ಸೊಸೈಟಿಯನ್ನು ಮರೆತೆವು. ಸಂಘದ ನಾಟಕಕ್ಕೆ, ಯಕ್ಷಗಾನಕ್ಕೆ ತಪ್ಪದೆ ಬರುವ ನಾವು ಸೊಸೈಟಿಯ ವಾರ್ಷಿಕ ಸಭೆಗೆ ಹೋಗುವುದು ಕಡಿಮೆ. ಹೀಗಾಗಿ ಎಷ್ಟೋ ಹಳೆಯ ಸೊಸೈಟಿಗಳಲ್ಲಿ ಗೋಡೆ ನಮ್ಮದು, ಕಾಗದದ ಮೇಲೆ ನೆಲ ಇನ್ನೂ ಬೇರೆಯವರದು. ಕಟ್ಟಿದವನು ಬರೆದುಕೊಡಲಿಲ್ಲ, ನಾವು ಬರೆಯಿಸಿಕೊಳ್ಳಲಿಲ್ಲ. ನಾವಿರುವ ಸೊಸೈಟಿಯ ಗತಿಯೂ ಇದೇ ಆಗಿತ್ತು. ಮಾಳಿಗೆ ಸೋರತೊಡಗಿ ಮರುನಿರ್ಮಾಣದ ಮಾತು ಎದ್ದ ದಿನ ನಮಗೆ ಅದು ತಿಳಿಯಿತು. ಸರ್ಕಾರವು 2008ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು, ಕಟ್ಟಿದವನು ಒಪ್ಪದಿದ್ದರೂ ಜಿಲ್ಲಾ ಉಪನಿಬಂಧಕರ ಮುಂದೆ ಅರ್ಜಿ ಹಾಕಿ ನೆಲವನ್ನು ಸೊಸೈಟಿಯ ಹೆಸರಿಗೆ ಮಾಡಿಸಿಕೊಳ್ಳುವ ದಾರಿ ತೆರೆದಿದೆ. ಮರಾಠಿಯಲ್ಲಿ ಇದನ್ನು ಮಾನೀವ ಅಭಿಹಸ್ತಾಂತರಣವೆನ್ನುತ್ತಾರೆ. ಇದಾಗದೆ ಮುದಿಯಾದ ಕಟ್ಟಡವನ್ನು ಕೆಡವಿ ಕಟ್ಟುವ ಮಾತು ಮುಂದೆ ಸಾಗುವುದು ಕಷ್ಟ.

ಕಾಗದದ ವಿಷಯದಲ್ಲಿ ಉದಾಸೀನ ಎಷ್ಟು ಅಪಾಯವೆಂಬುದಕ್ಕೆ ಈ ಊರೇ ಸಾಕ್ಷಿ. ಖೊಟ್ಟಿ ಪರವಾನಿಗೆಗಳ ಆಧಾರದಿಂದ ರೇರಾ ನೋಂದಣಿ ಪಡೆದು ಎದ್ದ 65 ಕಟ್ಟಡಗಳನ್ನು ಕೆಡವಲು ಮುಂಬಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಅಲ್ಲಿ ಮನೆ ಕೊಂಡವರೂ ನಮ್ಮಂತೆಯೇ ಕೂಡಿಟ್ಟು ಕೊಂಡವರು. ಆದ್ದರಿಂದ ಹೊಸತನ್ನು ಕೊಳ್ಳುವವರು ಪಾಲಿಕೆಯಲ್ಲಿ ಸ್ವತಃ ವಿಚಾರಿಸಬೇಕು. ಹಳೆಯದರಲ್ಲಿ ಇರುವವರು ನಾಮನಿರ್ದೇಶನ ಮಾಡಿಡಬೇಕು. ಆದರೆ ನಾಮಿನಿಯಾದವನೇ ಒಡೆಯನೆಂದು ತಿಳಿಯಬಾರದು. 2019ರ ತಿದ್ದುಪಡಿಯಂತೆ ವಾರಸುದಾರರು ನಿರ್ಣಯವಾಗುವವರೆಗೆ ಅವನು ತಾತ್ಕಾಲಿಕ ಸದಸ್ಯನಷ್ಟೆ. ಉಯಿಲನ್ನೂ ಬರೆದಿಟ್ಟರೆ ಅಣ್ಣತಮ್ಮಂದಿರು ಅಣ್ಣತಮ್ಮಂದಿರಾಗಿಯೇ ಉಳಿದಾರು. ಮಾರುವಾಗ ಸೊಸೈಟಿ ಕೇಳುವ ವರ್ಗಾವಣೆ ಪ್ರೀಮಿಯಂ 25,000 ರೂಪಾಯಿಗಿಂತ ಹೆಚ್ಚಿರಬಾರದೆಂದು ಸರ್ಕಾರದ 2001ರ ಆದೇಶವಿದೆ. ಇದು ಕೂಡ ನೆನಪಿರಲಿ.

ಕೊನೆಯದಾಗಿ ಒಂದು ಸೂಕ್ಷ್ಮ ಪ್ರಶ್ನೆ. ತಿಲಕನಗರದ ಆ ಮನೆ ಕನ್ನಡಿಗರಿಗೇ ಸೇರಬೇಕೆಂದು ನಮ್ಮ ಮಿತ್ರರೊಬ್ಬರು ವಾದಿಸಿದರು. ಗಾಮದೇವಿಯ ಸೊಸೈಟಿ ಒಂದು ಸಮಾಜದವರು ತಮ್ಮವರಿಗಾಗಿ ಕಟ್ಟಿಕೊಂಡದ್ದಲ್ಲವೇ ಎಂದರು. ಅದು ನಿಜ. ಗುಜರಾತಿನ ಒಂದು ಪಾರಸಿ ಸೊಸೈಟಿಯ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದು ಸಮಾಜಕ್ಕೆ ಮೀಸಲಿಡುವ ಉಪವಿಧಿಯನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿದದ್ದೂ ನಿಜ. ಆದರೆ ನಮ್ಮ ಡೊಂಬಿವಲಿಯ ಸೊಸೈಟಿಗಳು ಬಹುಮಟ್ಟಿಗೆ ಹಾಗೆ ಕಟ್ಟಿದವಲ್ಲ. ನಾವು ಪೆಟ್ಟಿಗೆ ಹೊತ್ತು ಬಂದ ದಿನ ಎದುರುಮನೆಯ ಮರಾಠಿ ತಾಯಿ ಚಹಾ ಕಳಿಸಿದಳು. ನೀವು ಯಾವ ಊರಿನವರೆಂದು ಕೇಳಿದ್ದು ಚಹಾ ಕುಡಿದ ಮೇಲೆ. ಆ ಸೌಜನ್ಯವನ್ನು ಪಡೆದು ಬೇರೂರಿದ ನಾವು, ಮುಂದೆ ಬರುವವನಿಗೆ ಬಾಗಿಲಲ್ಲೇ ಭಾಷೆ ಕೇಳಿದರೆ ನ್ಯಾಯವಾಗದು. ಕನ್ನಡದ ಮನೆಯೊಂದು ಕಡಿಮೆಯಾಯಿತೆಂಬ ದುಃಖ ನಮಗೂ ಇದೆ. ಆದರೆ ಅದಕ್ಕೆ ಮದ್ದು ಮಾರುವವರನ್ನು ಕಟ್ಟಿಹಾಕುವುದಲ್ಲ. ಉಳಿದ ಮನೆಗಳಲ್ಲಿ ಕನ್ನಡ ನಿಲ್ಲುವಂತೆ ನೋಡಿಕೊಳ್ಳುವುದು.

ಕಣಗಿನಹಾಳದ ಗೌಡರೂ ಗಾಮದೇವಿಯ ತಲ್ಮಕಿಯವರೂ ಬಿಟ್ಟುಹೋದದ್ದು ಒಬ್ಬನಿಂದಾಗದ್ದು ಹತ್ತು ಜನರಿಂದ ಆಗುವುದೆಂಬ ತಿಳಿವು. ಈ ರಾಜ್ಯೋತ್ಸವದ ದಿನ ಧ್ವಜವಂದನೆ ಮುಗಿಸಿ ಮನೆಗೆ ಹೋದ ಮೇಲೆ, ಪ್ರಿಯ ಬಂಧುಗಳೇ, ಬೀರುವಿನ ಒಳಖಾನೆಯಲ್ಲಿರುವ ಷೇರುಪತ್ರವನ್ನೊಮ್ಮೆ ಹೊರತೆಗೆದು ನೋಡಿ. ಹೆಸರು ಸರಿಯಿದೆಯೇ, ನಾಮನಿರ್ದೇಶನವಾಗಿದೆಯೇ, ನೆಲ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ. ಬರುವ ವಾರ್ಷಿಕ ಸಭೆಗೆ ತಪ್ಪದೆ ಹೋಗಿ. ನಾವೂ ಹೋಗುವೆವು.