ಸಿಟ್ಟಾಗಬಲ್ಲ ಕಲ್ಲು

ಕನ್ನಡ ನಾಡಿನ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿಕೊಂಡು ಬಂದ ಹಾಡುಗಳಲ್ಲಿ, ಬೀಸಿ ಮುಗಿಸಿ ಏಳುವ ಹೊತ್ತಿಗೆಂದೇ ಮೀಸಲಾದವು ಕೆಲವಿವೆ. ಅವುಗಳಲ್ಲಿ ಹಾಡುವವಳು ಕಲ್ಲನ್ನು ಸರಸ್ವತಿಯೆಂದು ಕರೆದು, ತಾನು ಬಿಟ್ಟು ಹೋಗುತ್ತಿದ್ದೇನೆಂದು ಸಿಟ್ಟಾಗಬೇಡವೆಂದು ಬೇಡಿಕೊಂಡು, ಮತ್ತೆ ಬರುವೆನೆಂದು ಮಾತು ಕೊಡುತ್ತಾಳೆ. ದಿನಬಳಕೆಯ ಸಾಧನವೊಂದಕ್ಕೆ ಸಿಟ್ಟು ಬರಬಹುದು, ಅದನ್ನು ಸಮಾಧಾನಪಡಿಸಬೇಕು ಎಂಬ ಈ ಭಾವನೆಯನ್ನು ಕೇವಲ ಕಾವ್ಯಾಲಂಕಾರವೆಂದು ಬದಿಗಿಟ್ಟರೆ, ಶತಮಾನಗಳ ಕಾಲ ಅಡುಗೆಮನೆಯ ಮಗ್ಗುಲಲ್ಲಿ ನಡೆದ ಒಂದು ಸಂಭಾಷಣೆಯನ್ನೇ ಕೇಳದೆ ಬಿಟ್ಟಂತಾಗುತ್ತದೆ.

ಬೀಸುವ ಕಲ್ಲು, ರಾಗಿ ಬೆಳೆಯುವ ಸೀಮೆಯಲ್ಲಿ ರಾಗಿಕಲ್ಲು ಎನಿಸಿಕೊಂಡಿರುವ ಈ ಸಾಧನ, ಒಂದರ ಮೇಲೊಂದು ಕೂತ ಎರಡು ದುಂಡನೆಯ ಚಪ್ಪಟೆ ಕಲ್ಲುಗಳಿಂದಾದದ್ದು. ಕೆಳಗಿನದು ಅಲುಗಾಡದೆ ಕೂತಿರುತ್ತದೆ. ಅದರ ನಡುವಿನ ಗೂಟದ ಸುತ್ತ ಮೇಲಿನದು ತಿರುಗುತ್ತದೆ. ಮೇಲಿನ ಕಲ್ಲಿನ ಅಂಚಿನಲ್ಲಿ ನೆಟ್ಟ ಮರದ ಹಿಡಿಯನ್ನು ಒಂದು ಕೈ ತಿರುಗಿಸುತ್ತಿದ್ದರೆ, ಇನ್ನೊಂದು ಕೈ ಅದರ ನಡುವಿನ ತೂತಿಗೆ, ಅಂದರೆ ಕಲ್ಲಿನ ಬಾಯಿಗೆ, ಹಿಡಿಹಿಡಿಯಾಗಿ ಕಾಳು ಹಾಕುತ್ತಿರುತ್ತದೆ. ಬಾಯಿಯಿರುವ ವಸ್ತು ಹಸಿಯುತ್ತದೆ, ಉಣ್ಣುತ್ತದೆ ಎಂದುಕೊಳ್ಳಲು ದೊಡ್ಡ ಕಲ್ಪನೆಯೇನೂ ಬೇಕಾಗಿಲ್ಲ. ಕಾಳಿಲ್ಲದೆ ತಿರುಗಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಎರಡೂ ಸವೆಯುತ್ತವೆ, ಪುಡಿ ಹಿಟ್ಟಿಗೆ ಸೇರುತ್ತದೆ. ಹಾಗೆಂದು ಅಳತೆ ಮೀರಿ ಹಾಕಿದರೆ ಕಾಳು ನುಚ್ಚಾಗಿಯೇ ಹೊರಬೀಳುತ್ತದೆ. ತಿಂಗಳುಗಟ್ಟಲೆ ಬೀಸಿ ಒಳಮೈ ನುಣುಪಾದಾಗ ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಬೇಕು. ಈ ಕಚ್ಚುಗಳಿಗೆ ಕಕ್ಕು ಎಂಬ ಹೆಸರಿದೆ. ಕಕ್ಕು ಹಾಕುವ ಕಲ್ಲುಕುಟಿಗನ ದಾರಿ ಕಾಯುತ್ತಿದ್ದ ಮನೆಗಳಲ್ಲಿ, ಕಲ್ಲಿನ ಸ್ವಭಾವವೇನೆಂಬುದು ಅದನ್ನು ತಿರುಗಿಸುವವಳ ರಟ್ಟೆಗೆ ಚೆನ್ನಾಗಿ ತಿಳಿದಿತ್ತು.

ಈ ತಿರುಗುವ ಕಲ್ಲು ನಾಡಿನಲ್ಲಿ ಅನಾದಿಯಿಂದ ಇದ್ದದ್ದಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ, ಎಂದರೆ ನಯ ಮಾಡಿದ ಕಲ್ಲಿನ ಕೊಡಲಿಯನ್ನು ಬಳಸುತ್ತಿದ್ದ ಆದಿಕೃಷಿಕರ ವಸತಿಗಳಲ್ಲಿ, ಸಿಕ್ಕಿರುವುದು ಅರೆಯುವ ಕಲ್ಲುಗಳು ಮತ್ತು ಬಂಡೆಯ ಮೇಲೇ ಅರೆದು ಅರೆದು ಆದ ಕುಳಿಗಳು. ಅಲ್ಲಿನವರು ಕಿರುಧಾನ್ಯವನ್ನೂ ಹುರುಳಿಯನ್ನೂ ಹೆಸರನ್ನೂ ಬೆಳೆದು ಉಂಡದ್ದು ಸುಟ್ಟು ಕರಿಕಾದ ಕಾಳುಗಳಿಂದ ತಿಳಿದುಬಂದಿದೆ. ಹಿಂದೆ ಮುಂದೆ ತಳ್ಳುವ ಈ ಅರೆತಕ್ಕೂ ಸುತ್ತು ಹಾಕುವ ಬೀಸುವಿಕೆಗೂ ನಡುವೆ ಸಾವಿರಾರು ವರ್ಷಗಳ ಅಂತರವಿದೆ, ಮತ್ತು ಹಾಡಿನ ದೃಷ್ಟಿಯಿಂದ ಈ ಅಂತರ ಸಣ್ಣದಲ್ಲ, ಏಕೆಂದರೆ ಸುತ್ತಿಗೆ ಮೊದಲು ಕೊನೆಯೆಂಬುದಿಲ್ಲ. ಒಂದು ಸುತ್ತು ಮುಗಿಯುವಲ್ಲಿಯೇ ಇನ್ನೊಂದು ಹುಟ್ಟುತ್ತದೆ.

ಆ ಸುತ್ತಿಗೆ ಒಗ್ಗಿದ ಛಂದಸ್ಸು ತ್ರಿಪದಿ. ಮೂರು ಸಾಲುಗಳ, ಮಾತ್ರೆಯ ಲೆಕ್ಕಕ್ಕಿಂತ ಹಾಡುವ ಎಳೆತವನ್ನು ನೆಚ್ಚಿದ ಈ ಅಚ್ಚಗನ್ನಡ ಪದ್ಯಜಾತಿ, ಬಾದಾಮಿಯ ಬಂಡೆಯ ಮೇಲಿನ ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣಿಸಿಕೊಂಡಿದೆ. ಅಲ್ಲಿ ಅದು ವೀರನೊಬ್ಬನ ಗುಣವನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದರೆ, ಬೀಸುವ ಕಲ್ಲಿನ ಬಳಿ ಹೆಸರಿಲ್ಲದ ಹೆಂಗಸರ ಬಾಯಲ್ಲಿ ಅದೇ ಛಂದಸ್ಸು ಬರೆಹದ ಹಂಗಿಲ್ಲದೆ ಬದುಕಿತು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೆ ಹೇಳಿ ಮೂರನೆಯದಕ್ಕೆ ಹೋಗುವ ವಾಡಿಕೆಯಿರುವುದರಿಂದ, ಹಾಡೂ ಕಲ್ಲಿನಂತೆಯೇ ಒಮ್ಮೆ ಹಿಂದಕ್ಕೆ ಬಂದು ಮುಂದೆ ಸಾಗುತ್ತದೆ.

ಈ ಹಾಡುಗಳನ್ನು ಪುಸ್ತಕಕ್ಕೆ ತಂದವರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಮುಖ್ಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಆ ಬಳಗ ಕೂಡಿಹಾಕಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ತವರಿನ ಹಂಬಲ, ಅಣ್ಣ ತಮ್ಮಂದಿರ ಹೊಗಳಿಕೆ, ಕೂಸಿನ ಸುಖ, ಅತ್ತೆಮನೆಯ ನೋವು, ಇವೇ ಬೀಸುವ ಪದಗಳ ಹುರುಳು. ಇವನ್ನೆಲ್ಲ ಕಲ್ಲಿನ ಮುಂದೆಯೇ ಏಕೆ ಹೇಳಿಕೊಂಡರು ಎಂಬುದಕ್ಕೆ ಉತ್ತರ ಬೀಸುವ ಹೊತ್ತಿನಲ್ಲಿದೆ. ಬೀಸುವುದು ಬೆಳಗಿನ ಜಾವದ ಕೆಲಸವಾಗಿತ್ತು. ಮನೆಯ ಉಳಿದವರು ಮಲಗಿರುತ್ತಿದ್ದರು. ಎಚ್ಚರವಿದ್ದವರಿಗೂ ಕಲ್ಲಿನ ಗುರುಗುರು ಸದ್ದಿನಲ್ಲಿ ಹಾಡಿನ ಮಾತು ಪೂರಾ ಕೇಳುತ್ತಿರಲಿಲ್ಲ. ಎದುರಾಬದುರು ಕೂತು ಜೊತೆಗೂಡಿ ಬೀಸುವ ಓರಗಿತ್ತಿಯೋ ನಾದಿನಿಯೋ ಇಲ್ಲದ ದಿನ, ಸೊಸೆಯ ಮಾತನ್ನು ನಡುವೆ ತಡೆಯದೆ ಕೇಳುವುದು ಆ ಮನೆಯಲ್ಲಿ ಕಲ್ಲೊಂದೇ. ಕಲ್ಲಿಗೆ ಅವಳು ಕೊಟ್ಟ ಮನಸ್ಸು ಅವಳದೇ ಮನಸ್ಸಿನ ಒಂದು ಪಾಲು ಎಂದು ಹೇಳುವುದು ತಪ್ಪಲ್ಲವಾದರೂ, ಅಷ್ಟಕ್ಕೇ ನಿಲ್ಲಿಸಿದರೆ ಸಿಟ್ಟಿನ ಮಾತು ಬಿಡಿಸಿಕೊಳ್ಳುವುದಿಲ್ಲ. ಕಲ್ಲು ಕೇಳುವ ಗೆಳತಿಯೂ ಹೌದು, ದಿನವೂ ದುಡಿಮೆ ಕೇಳುವ ಒಡತಿಯೂ ಹೌದು. ಅದನ್ನು ಬಿಟ್ಟು ಏಳುವುದಕ್ಕೆ ಅಪ್ಪಣೆ ಬೇಡುವ ಹಾಡಿನಲ್ಲಿ ಈ ಎರಡೂ ಒಟ್ಟಿಗೆ ಇವೆ.

ಗಡಿಯಾಚೆಯ ಮರಾಠಿ ಸೀಮೆಯಲ್ಲಿಯೂ ಇದೇ ಬಗೆಯ ಓವಿಗಳೆಂಬ ಹಾಡುಗಳಿದ್ದು, ಹೇಮಾ ರಾಯ್ರ್‌ಕರ್ ಮತ್ತು ಗೀ ಪ್ವಾತ್ವ್ಯಾಂ ಅವರ ಮುಂದಾಳತನದಲ್ಲಿ 1 ಲಕ್ಷಕ್ಕೂ ಹೆಚ್ಚು ಓವಿಗಳು ಸಂಗ್ರಹವಾಗಿವೆ. ಸಂತ ಜನಾಬಾಯಿಯೊಡನೆ ಪಂಢರಪುರದ ವಿಠಲನೇ ಕೂತು ಬೀಸಿದನೆಂಬ ಐತಿಹ್ಯವೂ ಆ ನಾಡಿನದೇ. ಅಲ್ಲಿ ದೇವರು ಕಲ್ಲಿನ ಬಳಿಗೆ ಬಂದರೆ, ಕನ್ನಡದ ಹಾಡಿನಲ್ಲಿ ಕಲ್ಲೇ ದೇವಿಯಾಗುತ್ತದೆ.

ಹಾಡಿನ ಹೊರಗೆ ಆಚಾರದಲ್ಲಿಯೂ ಕಲ್ಲಿಗೆ ಜೀವವಿದೆ. ಮದುವೆಯ ಮೊದಲ ಶಾಸ್ತ್ರಗಳಲ್ಲಿ ಮುತ್ತೈದೆಯರು ಬೀಸುವ ಕಲ್ಲಿಗೂ ಒರಳು ಒನಕೆಗಳಿಗೂ ಅರಿಶಿನ ಕುಂಕುಮ ಹಚ್ಚಿ, ಅರಿಶಿನದ ಕೊನೆಯನ್ನು ದಾರದಿಂದ ಕಟ್ಟಿ ಪೂಜಿಸುವುದುಂಟು. ಮದುಮಗಳಿಗೆ ಕಟ್ಟುವ ಕಂಕಣವೇ ಕಲ್ಲಿಗೂ ಸಲ್ಲುತ್ತದೆ. ಕಲ್ಲಿನ ಮೇಲೆ ಕೂರಬಾರದೆಂದು ಮಕ್ಕಳನ್ನು ಗದರಿಸುವುದೂ ಇದೇ ಮರ್ಯಾದೆಯ ಮುಂದುವರಿಕೆ. ಎಲ್ಲಕ್ಕಿಂತ ಮನ ಮುಟ್ಟುವುದು ತೊಟ್ಟಿಲ ಶಾಸ್ತ್ರ. ಒರಳಿನಲ್ಲಿ ರುಬ್ಬುವ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಗುಂಡಪ್ಪನೆಂದು ಕರೆದು, ಹಸುಗೂಸಿಗಿಂತ ಮೊದಲು ಅದನ್ನೇ ತೊಟ್ಟಿಲಿಗೆ ಹಾಕುವ ರೂಢಿ ಹಲವು ಮನೆತನಗಳಲ್ಲಿದೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ, ಕೆಟ್ಟ ಕಣ್ಣು ಮೊದಲು ಕಲ್ಲಿಗೆ ತಾಗಲಿ ಎಂದು ಅದಕ್ಕೆ ಕಾರಣ ಕೊಡುತ್ತಾರೆ. ಹಾಗೆ ನೋಡಿದರೆ ಆ ಮನೆಯ ಪ್ರತಿ ಕೂಸಿಗೂ ಕಲ್ಲು ಒಡಹುಟ್ಟಿದ ಅಣ್ಣ.

ಬರೆದ ಸಾಹಿತ್ಯಕ್ಕೆ ಈ ಲೋಕ ದೂರದ್ದಾಗಿರಲಿಲ್ಲ. 12ನೆಯ ಶತಮಾನದ ಶರಣೆ ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವ ಕಾಯಕದಿಂದಲೇ ಹೆಸರಾದವಳು. 16ನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ರಾಗಿಗಳಿಗೆ ಬಾಯಿ ಕೊಟ್ಟು, ಶ್ರೀರಾಮನ ಮುಂದೆ ಯಾರು ಹೆಚ್ಚೆಂದು ವಾದಿಸುವಂತೆ ಮಾಡಿ, ಬಡವರ ಧಾನ್ಯವನ್ನು ಗೆಲ್ಲಿಸಿದರು. ಕಾಳು ಮಾತಾಡಬಹುದಾದರೆ, ಅದನ್ನು ಉಂಡು ಹಿಟ್ಟು ಮಾಡುವ ಕಲ್ಲು ಮಾತು ಕೇಳಿಸಿಕೊಳ್ಳುವುದರಲ್ಲಿ ಅಚ್ಚರಿಯಿಲ್ಲ.

ಎಂಜಿನ್ನಿನಿಂದಲೂ ಆಮೇಲೆ ವಿದ್ಯುತ್ತಿನಿಂದಲೂ ನಡೆಯುವ ಹಿಟ್ಟಿನ ಗಿರಣಿ ಊರೂರಿಗೆ ಬಂದಾಗ ಬೀಸುವ ಕೆಲಸ ಮನೆಯಿಂದ ಹೊರಟುಹೋಯಿತು. ಇದನ್ನು ನಷ್ಟವೆಂದಷ್ಟೇ ಬರೆಯುವುದು ಅನ್ಯಾಯ. ಬಸುರಿ ಬಾಣಂತಿಯೆನ್ನದೆ ನಸುಕಿನಲ್ಲಿ ಎದ್ದು ಬೀಸಿ ಅಂಗೈ ಬೊಕ್ಕೆ ಎದ್ದವರಿಗೆ ಗಿರಣಿ ಕೊಟ್ಟ ಬಿಡುವು ನಿಜವಾದದ್ದು, ಆ ಬಿಡುವನ್ನು ಅವರು ಮರುಮಾತಿಲ್ಲದೆ ಒಪ್ಪಿಕೊಂಡರು. ಆದರೆ ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತವರು ಅದಕ್ಕೆ ಹಾಡು ಕಟ್ಟಲಿಲ್ಲ. ಅದು ಹೇಳಿದ್ದನ್ನು ಕೇಳಿಸಿಕೊಳ್ಳುವ ಯಂತ್ರವಾಗಿರಲಿಲ್ಲ, ಅದನ್ನು ಬಿಟ್ಟು ಬರುವಾಗ ಸಿಟ್ಟಾದೀತೆಂಬ ಅಳುಕೂ ಬೇಕಿರಲಿಲ್ಲ. ಮನೆಯ ಕಲ್ಲಿಗೆ ಕಕ್ಕು ಹಾಕಿಸುವುದು ನಿಂತಿತು. ಇಂದು ಅದು ಹಿತ್ತಿಲ ಗೋಡೆಗೆ ಒರಗಿ ನಿಂತಿದ್ದು, ಮದುವೆಯ ಹಿಂದಿನ ದಿನ ತೊಳೆಸಿಕೊಂಡು ಒಳಗೆ ಬರುತ್ತದೆ. ಐವರು ಮುತ್ತೈದೆಯರು ಅದರ ಬಾಯಿಗೆ ಒಂದೊಂದು ಹಿಡಿ ಕಾಳು ಹಾಕಿ, ಮೂರೋ ಐದೋ ಸುತ್ತು ತಿರುಗಿಸಿ, ಕೈ ಮುಗಿದು ಏಳುತ್ತಾರೆ.